ಏಳನೇ ತೆಪ್ಪದ ಮೀನು

ಹೊಳೆಯಲ್ಲಿ ಎಲ್ಲಿ ಬಲೆ ನಿಲ್ಲಿಸಬೇಕೆಂದು ತೀರ್ಮಾನಿಸುವ ಜೇವರ್ಗಿಯ ಸಭೆಗೆ ಒಂಬತ್ತು ದಿನ ಉಳಿದಿತ್ತು. ವರದಿ ಮುಗಿಸಿ, ಪ್ರತಿ ಕಳಿಸಿ, ನಕಾಶೆಗಳಿಗೆ ಬಣ್ಣ ತುಂಬಿ, ಅಂಕಿಗಳ ಮೇಲೆ ಕೊನೆಯ ಸಲ ಕಣ್ಣಾಡಿಸುತ್ತಿದ್ದೆ. ಆಗಲೇ ಏಳನೇ ತೆಪ್ಪ ನನ್ನ ಕಣ್ಣಿಗೆ ಬಿದ್ದದ್ದು.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಅಫಜಲಪುರ ತಾಲೂಕಿನ ಬ್ಯಾರೇಜಿನಿಂದ ಕೆಳಗೆ, ಕೊಳಕೂರಿನ ಆಸುಪಾಸಿನವರೆಗೆ, ಭೀಮಾ ನದಿಯನ್ನು ನಾನು ಕಂಪ್ಯೂಟರಿನೊಳಗೆ ನಾಲ್ಕು ಪೆಟ್ಟಿಗೆಗಳಾಗಿ ಕಟ್ಟಿದ್ದೆ: ಬ್ಯಾರೇಜಿನ ಬುಡ, ಅದರ ಕೆಳಗಿನ ತೆಳುನೀರಿನ ಹರವು, ಆಮೇಲೆ ಆಳವಾದ ಮಡು, ಮಡುವಿನಿಂದ ಮುಂದಿನ ಹರಿವು. ಪ್ರತಿ ಪೆಟ್ಟಿಗೆಯಲ್ಲೂ ಪಾಚಿ, ಪಾಚಿ ತಿನ್ನುವ ಮೀನು, ಆ ಮೀನನ್ನು ತಿನ್ನುವ ಮೀನು, ಎಲ್ಲವನ್ನೂ ಹಿಡಿಯುವ ಮನುಷ್ಯ. ಒಂದು ಪೆಟ್ಟಿಗೆಯಲ್ಲಿ ಬಲೆ ನಿಲ್ಲಿಸಿದರೆ ಉಳಿದ ಪೆಟ್ಟಿಗೆಗಳಲ್ಲಿ ಏನಾಗುತ್ತದೆ, ಊರಿನ ಮನೆಗಳಿಗೆ ಎಷ್ಟು ಮೀನು ಸಿಗುತ್ತದೆ, ಕುಡಿಯುವ ನೀರೆತ್ತುವ ಮೋಟಾರಿನ ಜಾಲರಿಗೆ ಪಾಚಿ ಎಷ್ಟು ಕಟ್ಟುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಇದು ಕಡಲಿಗೆಂದು ಹುಟ್ಟಿದ ವಿದ್ಯೆ. ಮೀನುಗಾರಿಕೆ ನಿಷೇಧಿಸಿದ ಕಡಲಪಟ್ಟಿಗಳಿಗೆಂದು ಕಟ್ಟಿದ ಮಾದರಿಯನ್ನು ಎತ್ತಿ ತಂದು ಹೊಳೆಗೆ ತೊಡಿಸಿದ್ದೆ. ಅಣ್ಣನ ಅಂಗಿಯನ್ನು ತೋಳು ಮಡಚಿ ತಮ್ಮನಿಗೆ ಹಾಕುತ್ತಾರಲ್ಲ, ಹಾಗೆ.

ನಾನು ಆಳಂದ ತಾಲೂಕಿನ ನಿಂಬರ್ಗಾದವಳು. ತೊಗರಿ, ಜೋಳದ ಹೊಲ ನೋಡಿ ಬೆಳೆದವಳಿಗೆ ನೀರೆಂದರೆ ಬಾವಿಯೊಳಗೆ ಇರುವಂಥದ್ದು. ಮೊಣಕಾಲಿನ ಮೇಲೆ ನೀರು ಬಂದರೆ ಎದೆ ಡವಡವ ಅನ್ನುತ್ತದೆ. ಆ ಭಯಕ್ಕೆ ಕೆಲಸದ ಒತ್ತಡ ಎಂದು ಹೆಸರಿಟ್ಟು, ಎರಡು ವರ್ಷ ಕಲಬುರಗಿಯ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಹೊಳೆ ಕಟ್ಟಿದೆ. ನಿಜವಾದ ಹೊಳೆಯನ್ನು ನೋಡಿದ್ದು ಎರಡೇ ಸಲ, ಅದೂ ಸೇತುವೆಯ ಮೇಲಿನಿಂದ. ನೀರಿಗಿಳಿಯದೆ ಈಜು ಬಾರದು ಎಂಬ ಮಾತನ್ನು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ನಾಚಿಕೆಯಿಲ್ಲದೆ.

ಅಂಕಿಗಳು ದಡದಿಂದ ಬರುತ್ತಿದ್ದವು. ಮೀನು ತೂಗುವ ಜಾಗದಲ್ಲಿ ವಯಸ್ಸಾದ ಮುಸಲ್ಮಾನರೊಬ್ಬರು ಬಹಳ ವರ್ಷಗಳಿಂದ ವಹಿ ಬರೆಯುತ್ತಿದ್ದರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಅವರ ಹಳೆಯ ವಹಿಯಲ್ಲಿ ತೆಪ್ಪದ ನಂಬರು ಮತ್ತು ತೂಕ, ಎರಡೇ ಕಾಲಂ. ನಾನು ಹೊಸ ನಮೂನೆ ಮಾಡಿ ಕಳಿಸಿದೆ. ಅದರಲ್ಲಿ ಮೂರನೆಯದೊಂದು ಕಾಲಂ ಇತ್ತು: ‘ಎಲ್ಲಿ ಹಿಡಿದದ್ದು’. ಅವರು ಒಂದು ದಿನವೂ ತಪ್ಪಿಸದೆ ಸಂಜೆ ಹಾಳೆಯ ಫೋಟೋ ಕಳಿಸುತ್ತಿದ್ದರು. ಅಕ್ಷರ ದುಂಡಗೆ, ಚಿತ್ತಿಲ್ಲದೆ.

ಒಟ್ಟು ಹನ್ನೆರಡು ತೆಪ್ಪಗಳು. ಹನ್ನೊಂದು ತೆಪ್ಪಗಳ ಲೆಕ್ಕ ಹೊಳೆಯ ಲೆಕ್ಕದ ಹಾಗೆಯೇ ಇತ್ತು. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ, ಹಬ್ಬಕ್ಕೆ ರಜೆ, ಜ್ವರಕ್ಕೆ ರಜೆ. ಏಳನೇ ತೆಪ್ಪ ಮಾತ್ರ ಪ್ರತಿದಿನ ಹೋಗುತ್ತಿತ್ತು, ಹೋದದ್ದು ಮಡುವೊಂದಕ್ಕೇ. ಪ್ರತಿದಿನವೂ ತೂಕ ಹೆಚ್ಚುಕಡಿಮೆ ಅಷ್ಟೇ. ಬೇರೆ ಯಾರೂ ಮಡುವಿಗೆ ಹೋದ ದಾಖಲೆ ಇರಲಿಲ್ಲ. ಇದರಿಂದ ನನ್ನ ಮಾದರಿ ಒಂದು ತೀರ್ಮಾನಕ್ಕೆ ಬಂದಿತ್ತು: ಎರಡು ವರ್ಷ ಎಡೆಬಿಡದೆ ಹಿಡಿದರೂ ಮಡುವಿನ ಮೀನು ಇಳಿದಿಲ್ಲ, ಅಂದರೆ ಮಡು ಗಟ್ಟಿಯಾಗಿದೆ. ಆದ್ದರಿಂದ ತೆಳುನೀರಿನ ಹರವನ್ನು ಮುಚ್ಚಿ, ಮಡುವನ್ನು ತಳ ಕೆರೆದು ಬರುವ ದೊಡ್ಡ ಎಳೆಬಲೆಗಳಿಗೆ ಬಿಟ್ಟುಕೊಡಬಹುದು. ವರದಿಯ ಕೊನೆಯ ಪುಟದಲ್ಲಿ ನಾನು ಬರೆದದ್ದೂ ಅದನ್ನೇ.

ಆ ಮಧ್ಯಾಹ್ನ ಸುಮ್ಮನೆ, ಬೇಸರಕ್ಕೆ, ಬ್ಯಾರೇಜಿನ ಗೇಟು ಎತ್ತಿದ ದಿನಗಳನ್ನು ಹಾಳೆಗಳ ಪಕ್ಕ ಇಟ್ಟು ನೋಡಿದೆ. ಹೊಳೆ ದಡ ಮೀರಿದ ದಿನಗಳಲ್ಲಿ ಹನ್ನೊಂದು ತೆಪ್ಪಗಳ ಮುಂದೆ ಗೆರೆ ಎಳೆದಿತ್ತು. ಏಳನೆಯದರ ಮುಂದೆ ತೂಕವಿತ್ತು. ಸೇತುವೆಯ ಮೇಲೆ ಬಸ್ಸು ನಿಲ್ಲಿಸಿದ ದಿನವೂ ಏಳನೇ ತೆಪ್ಪ ಮಡುವಿಗೆ ಹೋಗಿ, ಎರಡು ಕಿಲೋ ಹಿಡಿದುಕೊಂಡು ಬಂದಿತ್ತು.

ನಮ್ಮ ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ಮಾದರಿ ಅಂಕಿಗೆ ಎಲ್ಲಕ್ಕಿಂತ ಚಲೋ ಹೊಂದೋದು ಮಡುವಿನ್ಯಾಗ. ಅದಕ್ಕ ಕೈ ಹಚ್ಚಬ್ಯಾಡ,” ಎಂದರು.

ಅದು ನಿಜವೇ. ಮಡುವಿನ ಗೆರೆ ದಾರ ಹಿಡಿದು ಎಳೆದಷ್ಟು ನೇರವಾಗಿತ್ತು. ತೊಂದರೆಯಿದ್ದದ್ದು ತೆಳುನೀರಿನ ಹರವಿನಲ್ಲಿ. ಅಲ್ಲಿ ನನ್ನ ಲೆಕ್ಕಕ್ಕಿಂತ ಯಾವಾಗಲೂ ಹೆಚ್ಚು ಮರಿಮೀನು ಇರುತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ತಿಳಿಯದೆ ಒಂದು ಸಂಖ್ಯೆಯನ್ನು ಕೈಯಿಂದಲೇ ತುಂಬಿ, ‘ಹೊರಗಿನ ಮೂಲ’ ಎಂದು ಹೆಸರಿಟ್ಟು ದಾಟಿಸಿದ್ದೆ. ಈ ಕಸುಬಿನಲ್ಲಿ ಎಲ್ಲರೂ ಒಂದಾದರೂ ಇಂಥ ತೇಪೆ ಹಾಕಿರುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ.

ಮರುದಿನ ಬೆಳಕು ಹರಿಯುವಾಗ ದಡದಲ್ಲಿದ್ದೆ. ತೆಪ್ಪಗಳು ಒಂದೊಂದಾಗಿ ಬಂದವು. ಬಿದಿರು ಹೆಣೆದು, ತಾಡಪಾಲು ಹೊದಿಸಿ, ಡಾಂಬರು ಬಳಿದ ದುಂಡನೆಯ ತೆಪ್ಪಗಳು, ಮೈಮೇಲೆ ಬಿಳಿ ಬಣ್ಣದ ನಂಬರು. ನಾನು ಬೆರಳು ಮಡಚಿ ಎಣಿಸಿದೆ. ಹನ್ನೊಂದು ಬಂದವು. ಬಂದವರೆಲ್ಲ ಮೀನನ್ನು ತಕ್ಕಡಿಗೆ ಹಾಕುವ ಮೊದಲು, ಪಕ್ಕದಲ್ಲಿದ್ದ ಒಂದು ಹಳೆಯ ಬುಟ್ಟಿಯ ಕಡೆಗೆ ಬಾಗಿ ಹೋಗುತ್ತಿದ್ದರು. ಅದೇನೆಂದು ಆಗ ಗಮನಿಸಲಿಲ್ಲ, ನನ್ನ ಕಣ್ಣು ನೀರಿನ ಮೇಲಿತ್ತು.

ಬಿಸಿಲೇರಿತು, ಏಳನೆಯದು ಬರಲಿಲ್ಲ. ಮೂರನೇ ತೆಪ್ಪದವರು ಬಲೆ ಝಾಡಿಸುತ್ತಿದ್ದರು. ಅವರನ್ನು ಕೇಳಿದೆ.

“ಏಳನೇದು ಎಲ್ಲಿ ಅದರಿ?”

ಅವರು ತಲೆಯೆತ್ತಲಿಲ್ಲ. ಗದ್ದದಿಂದ ಜಾಲಿ ಗಿಡದ ಕಡೆ ತೋರಿಸಿದರು. ಅಲ್ಲಿ ಬೋರಲು ಬಿದ್ದ ಒಂದು ತೆಪ್ಪವಿತ್ತು. ಡಾಂಬರು ಬಿರಿದು ಬಿದಿರು ಕಾಣುತ್ತಿತ್ತು. ತಳದ ತೂತಿನಿಂದ ಹುಲ್ಲು ಬೆಳೆದು ನಿಂತಿತ್ತು, ಅಂಚಿನ ಸುತ್ತ ಜೇಡ ಬಲೆ ನೇಯ್ದಿತ್ತು. ಅದು ನೀರು ಮುಟ್ಟಿ ವರ್ಷಗಳಾಗಿರಬೇಕು. ಬಿಳಿ ಬಣ್ಣದ ಏಳು ಮಾತ್ರ ಸ್ವಚ್ಛವಾಗಿತ್ತು, ಯಾರೋ ಆಗಾಗ ಒರೆಸುತ್ತಿದ್ದರು.

ತಕ್ಕಡಿಯ ಹತ್ತಿರ ಬಂದೆ. ಚಾಚಾ ನನ್ನದೇ ನಮೂನೆಯ ಮೇಲೆ ಬಾಗಿ ಬರೆಯುತ್ತಿದ್ದರು. ಅವರ ಹೆಗಲ ಮೇಲಿನಿಂದ ನೋಡಿದೆ. ಶಾಯಿ ಇನ್ನೂ ಆರಿರಲಿಲ್ಲ. ಏಳು. ಒಂದೂಮುಕ್ಕಾಲು ಕಿಲೋ. ಮಡು.

ಜಾಲಿ ಗಿಡದ ಕಡೆ ತಿರುಗಿ ನೋಡಿದೆ, ಮತ್ತೆ ಹಾಳೆ ನೋಡಿದೆ.

“ಚಾಚಾ, ಈ ತೆಪ್ಪ ಅಲ್ಲಿ ಬೋರಲು ಬಿದ್ದದಲ್ಲ?”

ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು. “ಮೊದ್ಲ ಚಹಾ ಕುಡೀರಿ ಬೇಟಿ. ದೂರದಿಂದ ಬಂದೀರಿ.”

“ಇದನ್ನ ಯಾರು ಹಿಡದಾರ?”

“ಹಾಳಿ ಮ್ಯಾಲ ಬರದೇನಲ್ರಿ,” ಎಂದು ಎದ್ದು ಹೋದರು.

ಹಟ ಹಿಡಿದರೆ ನಾನು ನಮ್ಮಪ್ಪನ ಮಗಳೇ. ಮಡುವನ್ನು ಕಣ್ಣಾರೆ ನೋಡುತ್ತೇನೆ ಎಂದೆ. ಒಬ್ಬರಿಗೆ ಸೊಂಟ ನೋವು, ಒಬ್ಬರಿಗೆ ಹೊಲದ ಕೆಲಸ, ಇನ್ನೊಬ್ಬರ ತೆಪ್ಪಕ್ಕೆ ಆಗ ತಾನೇ ತೂತು ಬಿತ್ತು. ಕೊನೆಗೆ ಮೂರನೇ ತೆಪ್ಪದವರೇ ಒಪ್ಪಿದರು. ಎರಡು ಷರತ್ತು. ತೆಪ್ಪದಲ್ಲಿ ಒಂದು ದಾರದಷ್ಟೂ ಬಲೆ ಇರಬಾರದು. ಚಪ್ಪಲಿ ದಡದಲ್ಲೇ ಬಿಡಬೇಕು.

ಗುರುತು ಹಾಕಿದ ಬಿದಿರು ಕೋಲು, ಆಳ ನೋಡಲು ಕಬ್ಬಿಣದ ಗುಂಡು ಕಟ್ಟಿದ ಹಗ್ಗ ತೆಗೆದುಕೊಂಡು ಕೂತೆ. ದುಂಡನೆಯ ತೆಪ್ಪಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಕೂತವರನ್ನು ಸುತ್ತಿಸುತ್ತಲೇ ಒಯ್ಯುತ್ತದೆ. ಎರಡೂ ಕೈಯಿಂದ ಅಂಚು ಹಿಡಿದು ಮನಸ್ಸಿನಲ್ಲೇ ನಮ್ಮ ಮನೆದೇವರನ್ನು ಕರೆದೆ. ತೆಳುನೀರು ದಾಟುವವರೆಗೆ ಬೆಳ್ಳಕ್ಕಿ, ಎಮ್ಮೆ, ದೂರದ ಪಂಪಸೆಟ್ಟಿನ ಸದ್ದು ಎಲ್ಲ ಇತ್ತು. ಬಂಡೆಯೊಂದನ್ನು ಸುತ್ತಿ ಮಡುವಿಗೆ ಬಂದದ್ದೇ ಸದ್ದು ನಿಂತಿತು. ನಟ್ಟನಡು ಹಗಲು, ಮೇಲೆ ಸುಡುವ ಬಿಸಿಲು. ನೀರು ಮಾತ್ರ ಕಪ್ಪು. ತೆಪ್ಪದವರು ಹುಟ್ಟು ಎತ್ತಿಕೊಂಡರು, ತೆಪ್ಪ ತಾನಾಗಿಯೇ ನಿಧಾನ ಸುತ್ತತೊಡಗಿತು.

ಆಗ ಮೀನುಗಳು ಬಂದವು.

ಬಲೆ ಕಂಡ ಹೊಳೆಯ ಮೀನು ನೆರಳು ಬಿದ್ದರೆ ಸಾಕು, ಹಾರಿಹೋಗುತ್ತದೆ. ಇವು ನೆರಳಿನೊಳಕ್ಕೇ ಬಂದವು. ಕಟ್ಲಾ ಮೀನುಗಳು. ಒಂದು ನನ್ನ ಕೋಲಿನ ಪಕ್ಕವೇ ನಿಂತಿತು, ಅಳತೆ ಕೊಡಲು ಬಂದಂತೆ. ಮೂತಿಯಿಂದ ಬಾಲದವರೆಗೆ ಗುರುತು ಎಣಿಸಿದೆ. ಆ ಬೆಳಿಗ್ಗೆ ತಕ್ಕಡಿಗೆ ಬಿದ್ದ ಮೀನುಗಳಲ್ಲಿ ಅದರ ಅರ್ಧದಷ್ಟು ದೊಡ್ಡದೂ ಇರಲಿಲ್ಲ. ಅದರ ಹಿಂದೆ ಮತ್ತೊಂದು, ಮತ್ತೊಂದು. ಬಾಯಿ ತೆರೆದು ಮುಚ್ಚುತ್ತ, ರೆಪ್ಪೆಯಿಲ್ಲದ ಕಣ್ಣುಗಳಿಂದ ನಮ್ಮ ಸುತ್ತ ನಿಂತವು. ದಿನವೂ ಬಲೆ ಬೀಳುವ ನೀರಿನಲ್ಲಿ ಮುದಿ ಮೀನು ಉಳಿಯುವುದಿಲ್ಲ, ಇದು ನಮ್ಮ ವಿದ್ಯೆಯ ಮೊದಲ ಪಾಠ. ಇಲ್ಲಿ ವರ್ಷಗಳಿಂದ ಬಲೆ ಬಿದ್ದಿಲ್ಲ ಎಂದು ಅಲ್ಲೇ ಗೊತ್ತಾಯಿತು.

ಆಳ ನೋಡಲು ಗುಂಡು ಇಳಿಸಿದೆ. ಹಗ್ಗ ಹೋಗುತ್ತಲೇ ಇತ್ತು, ಆಮೇಲೆ ಸಡಿಲಾಯಿತು. ತಳ ಮುಟ್ಟಿತು ಎಂದುಕೊಂಡು ಗಂಟು ಗುರುತು ಮಾಡಿ ಎಳೆದೆ, ಬರಲಿಲ್ಲ. ಕಲ್ಲಿಗೆ ಸಿಕ್ಕಿರಬೇಕೆಂದು ಇನ್ನೊಮ್ಮೆ ಎಳೆದೆ. ಆಗ ಕೆಳಗಿನಿಂದ ಹಗ್ಗ ಎರಡು ಸಲ ಜಗ್ಗಿತು. ಜೋರಾಗಿ ಅಲ್ಲ. ಬಾಗಿಲಲ್ಲಿ ನಿಂತವರು ಸೆರಗು ಹಿಡಿದು ಕರೆಯುವಷ್ಟು. ಆಮೇಲೆ ಬಿಟ್ಟಿತು, ಗುಂಡು ಹಗುರವಾಗಿ ಮೇಲೆ ಬಂತು.

ತೆಪ್ಪದವರು ಹಗ್ಗ ನೋಡಿದರು, ನನ್ನ ಮುಖ ನೋಡಿದರು. ಕೈಯನ್ನು ನೀರಿಗೆ ಅದ್ದಿ ಹಣೆಗೆ ಹಚ್ಚಿಕೊಂಡರು. “ಸಾಕ್ರಿ ಅಕ್ಕಾರ. ಹೋಗೂಣು,” ಎಂದಷ್ಟೇ ಹೇಳಿ ಹುಟ್ಟು ಹಾಕಿದರು.

ಹಗ್ಗ ಜಗ್ಗಿದ್ದು ಮೀನಿರಬಹುದು, ಸುಳಿಯಿರಬಹುದು. ನಾನು ಇದನ್ನು ಯಾವ ವರದಿಯಲ್ಲೂ ಬರೆದಿಲ್ಲ. ಆದರೆ ಆ ಹಗ್ಗವನ್ನು ಇನ್ನೆಂದೂ ಬಳಸಲಿಲ್ಲ.

ದಡಕ್ಕೆ ಬಂದಾಗ ಚಾಚಾ ಬುಟ್ಟಿಯ ಪಕ್ಕ ಕೂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಗಿರಬೇಕು. ಬುಟ್ಟಿಯೊಳಗೆ ಹನ್ನೊಂದು ಮೀನುಗಳಿದ್ದವು, ಒಬ್ಬೊಬ್ಬರ ಬಲೆಯಿಂದ ಒಂದೊಂದು.

ಚಾಚಾ ಹೇಳಿದರು: ಮೂರು ಮಳೆಗಾಲದ ಹಿಂದೆ ಏಳನೇ ತೆಪ್ಪದ ಯಜಮಾನ ಮಡುವಿನಲ್ಲಿ ಮುಳುಗಿ ಹೋಗಿದ್ದ. ತೆಪ್ಪ ತಾನಾಗಿಯೇ ದಡಕ್ಕೆ ಬಂತು, ಅವನು ಬರಲಿಲ್ಲ. ಎಷ್ಟು ಹುಡುಕಿದರೂ ಮೈ ಸಿಗಲಿಲ್ಲ. ಹೊಳೆ ಒಬ್ಬನನ್ನು ಒಯ್ದು ಕೊಡದಿದ್ದರೆ ಆ ದಡದಲ್ಲಿ ಒಂದು ರೂಢಿಯಿದೆ. ಅವನು ಮನೆಗೆ ಮರಳಿದನೆಂಬ ಅರ್ಥದಲ್ಲಿ ಅವನ ಹೆಂಡತಿ ತನ್ನ ಬಾಯಿಂದ ‘ಬಂದರು’ ಎನ್ನುವವರೆಗೆ ಅವನು ಕೆಲಸದ ಮೇಲೆ ಇದ್ದಾನೆಂದೇ ಲೆಕ್ಕ. ಅವನ ಪಾಲು ದಿನವೂ ಅವನ ಮನೆಗೆ ಮುಟ್ಟಬೇಕು. ಅವನು ಹೋದ ಜಾಗದಲ್ಲಿ ಯಾರೂ ಬಲೆ ಹಾಕಬಾರದು.

“ತೂಕ ಅವನ ಹೆಸರಿಗೇ ಬರೀತೇನಿ,” ಎಂದರು ಚಾಚಾ. “ನೀವು ಹೊಸಾ ಹಾಳಿ ಕಳಿಸಿದ್ರಿ. ಎಲ್ಲಿ ಹಿಡಿದದ್ದು ಅಂತ ಕೇಳೀರಿ. ಖಾಲಿ ಬಿಡಬ್ಯಾಡ್ರಿ ಅಂತ ಕೆಳಗ ಬರದೀರಿ. ನಾ ಏನು ಬರೀಲಿ ಬೇಟಿ? ಅವ ಎಲ್ಲಿ ಅದಾನೋ ಅದನ್ನಽ ಬರದೇನಿ.”

ಹೌದು, ‘ಯಾವ ಕಾಲಮನ್ನೂ ಖಾಲಿ ಬಿಡಬಾರದು’ ಎಂದು ನಾನೇ ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದೆ.

“ಮತ್ತ ಹೊಳೀ ಬಂದಾಗ? ಯಾರೂ ನೀರಿಗೆ ಇಳಿದಿಲ್ಲ, ಆವತ್ತೂ ಎರಡು ಕಿಲೋ ಅದ.”

“ಆವತ್ತ ಮಂದಿ ಜ್ವಾಳ ಕೊಡ್ತಾರ್ರಿ. ತೂಕ ಅಂತ ಕೇಳೀರಿ, ತೂಗಿ ಬರದೇನಿ.”

ಎರಡು ವರ್ಷ ನನ್ನ ಮಾದರಿ ಜೋಳವನ್ನು ಕಟ್ಲಾ ಎಂದು ನುಂಗಿತ್ತು. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದ ಹಾಗಾಯಿತು ನನ್ನ ಕಥೆ. ಮೊದಲು ನಗು ಬಂತು, ಅದರ ಹಿಂದೆಯೇ ಅಳು. ಚಾಚಾ ತಮ್ಮ ಹೆಗಲ ವಸ್ತ್ರ ಕೊಟ್ಟು ಆ ಕಡೆ ಮುಖ ಮಾಡಿ ಕೂತರು.

ರಾತ್ರಿಯ ನಿದ್ದೆ ಬಿಟ್ಟೆ ಎಂದು ಬಡಾಯಿ ಕೊಚ್ಚುವುದಿಲ್ಲ. ಊಟ ಮಾಡಿ ಮಲಗಿದೆ, ಬೆಳಿಗ್ಗೆ ಎದ್ದು ಕೆಲಸಕ್ಕೆ ಕೂತೆ. ಏಳನೇ ತೆಪ್ಪದ ಮೀನನ್ನೆಲ್ಲ ನಿಜವಾಗಿ ಹಿಡಿದ ಪೆಟ್ಟಿಗೆಗಳಿಗೆ ಹಂಚಿದೆ. ಜೋಳದ ದಿನಗಳನ್ನು ಕಿತ್ತೆ. ಮಡುವಿನ ಮೀನುಗಾರಿಕೆಯನ್ನು ಮೂರು ಮಳೆಗಾಲದ ಹಿಂದಿನಿಂದ ಸೊನ್ನೆ ಮಾಡಿದೆ. ಮಡುವಿನ ದೊಡ್ಡ ಮೀನು ಮೊದಲ ಮಳೆಯ ಕೆಂಪು ನೀರಿಗೆ ತೆಳುನೀರಿನತ್ತ ಏರಿ ಮೊಟ್ಟೆಯಿಡುತ್ತದೆ ಎಂದು ತೆಪ್ಪದವರು ದಾರಿಯಲ್ಲಿ ಹೇಳಿದ್ದನ್ನೂ ಸೇರಿಸಿದೆ. ಓಡಿಸಿದೆ. ನಾನು ಕೈಯಿಂದ ತುಂಬಿದ ‘ಹೊರಗಿನ ಮೂಲ’ ಕರಗುತ್ತ ಕರಗುತ್ತ ಇಲ್ಲವೇ ಆಯಿತು. ತೆಳುನೀರಿನ ಮರಿಮೀನೆಲ್ಲ ಮಡುವಿನದೇ. ಹನ್ನೊಂದು ತೆಪ್ಪಗಳ ಊಟ ಯಾರೂ ಬಲೆ ಹಾಕದ ಆ ಕಪ್ಪು ನೀರಿನಿಂದ ಬರುತ್ತಿತ್ತು. ಪಾಚಿಯ ಲೆಕ್ಕವೂ ಸರಿಹೊಂದಿತು. ಎಳೆಬಲೆ ಮಡುವಿಗೆ ಇಳಿದರೆ ಏನಾಗುತ್ತದೆ ಎಂದೂ ಓಡಿಸಿ ನೋಡಿದೆ. ಮೊದಲು ಮಡು, ಅದರ ಬೆನ್ನಿಗೇ ತೆಳುನೀರು, ಒಂದೊಂದೇ ಪೆಟ್ಟಿಗೆ ಬರಿದಾಯಿತು.

ವರದಿ ಹಿಂದಕ್ಕೆ ತೆಗೆದುಕೊಳ್ಳುವುದೇನೋ ಸರಿ. ಆದರೆ ಯಾಕೆ ಎಂದು ಹೇಳಬೇಕಾದರೆ ಏಳನೇ ತೆಪ್ಪ ನೀರಿನ ಮೇಲಿಲ್ಲ ಎಂದು ಸಭೆಯಲ್ಲಿ ಹೇಳಬೇಕು. ಹೇಳಿದ ಕೂಡಲೇ ಸರಕಾರದ ಮೀನುಗಾರರ ಪಟ್ಟಿಯಿಂದ ಆ ಹೆಸರು ಹೊಡೆದುಹಾಕುತ್ತಾರೆ. ಚಾಚಾ ಅದನ್ನು ಮೊದಲೇ ಹೇಳಿದ್ದರು: “ಹೆಸರು ತೆಗದ್ರ ಅವನ್ನ ಎರಡನೇ ಸಲ ಮುಳುಗಿಸಿದಂಗ.” ಇದನ್ನು ತೀರ್ಮಾನಿಸಲು ನಾನು ಯಾರು? ಮತ್ತೆ ಬಸ್ಸು ಹತ್ತಿದೆ.

ಏಳನೇ ತೆಪ್ಪದವನ ಹೆಂಡತಿಯ ಮನೆ ದಡದಿಂದ ನಾಲ್ಕು ಹೆಜ್ಜೆ. ಎಲ್ಲ ತೆಪ್ಪಗಳ ಹರಿದ ಬಲೆಗಳನ್ನು ಆಕೆಯೇ ಹೆಣೆದುಕೊಡುತ್ತಾಳೆ. ಚಾಚಾ ಬಾಗಿಲ ಹೊರಗೆ ನಿಂತರು. ನಾನು ಎದುರು ಕೂತು ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಆಕೆ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ನೀವು ಬರದಿದ್ದ ಪ್ರಕಾರ ಆದ್ರ ಮಡುವಿನ್ಯಾಗ ಬಲೆ ಎಳೀತಾರೇನ ತಂಗಿ? ತಳಾ ಕೆರದು?”

“ಹೌದಕ್ಕಾ.”

ಆಗ ಆಕೆಯ ಕೈ ನಿಂತಿತು. “ಮಂದಿ ನನಗ ಅಂತಾರ, ಮೂರು ಮಳಿ ಆದವು, ‘ಬಂದ್ರು’ ಅಂದುಬಿಡು, ಮನಸು ಹಗರ ಆಗ್ತದ ಅಂತ. ನನಗ ಹೊಟ್ಟಿಗೆ ಕಮ್ಮಿ ಆಗ್ತದಂತ ಬಾಯಿ ಮುಚ್ಚಿಲ್ಲ ತಂಗಿ. ಕೈ ಗಟ್ಟಿ ಅದಾವ. ನಾ ಇವತ್ತ ‘ಬಂದ್ರು’ ಅಂದ್ರ ನಾಳಿ ಮುಂಜಾನೆ ಅಲ್ಲಿ ಬಲೆ ಬೀಳ್ತಾವ. ಅವರ ಮೈಮ್ಯಾಲ ಬೀಳ್ತಾವ. ಅದಕ್ಕ ನಾ ಅವರನ್ನ ಮನಿಗೆ ಕರೀವಲ್ಲೆ.”

ಹೊರಗೆ ಚಾಚಾ ಕೆಮ್ಮಿದರು. ಅವರಿಗೂ ಇದು ಗೊತ್ತಿರಲಿಲ್ಲ ಎಂದು ಆ ಕೆಮ್ಮಿನಿಂದಲೇ ತಿಳಿಯಿತು.

“ಸರಕಾರದ ಪಟ್ಟಿಯಾಗಿನ ಹೆಸರು ಹೋದ್ರ ಹೋಗ್ಲಿ,” ಎಂದಳು ಆಕೆ. “ಖರೇ ಇದ್ದದ್ದು ಹೇಳ್ರಿ. ಅಲ್ಲಿ ಬಲೆ ಬೀಳಬಾರದು, ಅಷ್ಟಽ.”

ಸಭೆಯಲ್ಲಿ ಬಣ್ಣದ ನಕಾಶೆಗಳನ್ನು ಚೀಲದಲ್ಲೇ ಬಿಟ್ಟು, ಒಂದೇ ಪುಟ ಓದಿದೆ. ಮೊದಲ ವರದಿ ತಪ್ಪು, ತಪ್ಪು ನನ್ನ ನಮೂನೆಯದು, ದಡದವರದಲ್ಲ ಎಂದೆ. ಜೋಳದ ಮಾತು ಬಂದಾಗ ಕೆಲವರು ನಕ್ಕರು, ನಮ್ಮ ಸಾಹೇಬರು ಮಾತ್ರ ನಗಲಿಲ್ಲ. ಸತ್ತವನ ಹೆಸರು ಪಟ್ಟಿಯಲ್ಲಿ ಯಾಕಿದೆ ಎಂದು ಒಬ್ಬ ಅಧಿಕಾರಿ ಕೇಳಿದರು, ಕೇಳಿ ಅಲ್ಲೇ ಗೆರೆ ಎಳೆದರು. ಆ ಪೆನ್ನಿನ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಮಡುವಿನ ಹೊಸ ಲೆಕ್ಕವನ್ನು ಒಂದು ತಾಸು ಕೆದಕಿ ಕೆದಕಿ ಕೇಳಿದರು, ಮೂರನೇ ತೆಪ್ಪದವರನ್ನೂ ಕರೆಸಿ ಕೇಳಿದರು. ಕೊನೆಗೆ ಬಂಡೆಯಿಂದ ಕೆಳಗಿನ ಬೇವಿನ ಗಿಡದವರೆಗೆ ಯಾವ ಬಲೆಯೂ ಬೀಳಕೂಡದು ಎಂದು ಬರೆದು ಸಹಿ ಮಾಡಿದರು. ಸದ್ಯಕ್ಕೆ ಐದು ವರ್ಷ.

ಆ ಕಾಗದದ ಪ್ರತಿಯನ್ನು ನಾನೇ ಒಯ್ದು ಕೊಟ್ಟೆ. ಆಕೆಗೆ ಓದು ಬಾರದು, ಚಾಚಾ ಎರಡು ಸಲ ಓದಿ ಹೇಳಿದರು. ಸಹಿಯ ಮೇಲೆ ಆಕೆ ಬೆರಳಾಡಿಸಿದಳು. ಮಡಚಿ ಗೂಡಿನಲ್ಲಿಟ್ಟು, ನನಗೆ ಚಹಾ ಮಾಡಿದಳು.

ಮರುದಿನ ಸಂಜೆ ಎಂದಿನಂತೆ ಹಾಳೆಯ ಫೋಟೋ ಬಂತು. ಅಂಕಿಗಳನ್ನು ತುಂಬಿ ಮಾದರಿ ಓಡಿಸಿದೆ. ನಡುವೆಯೇ ನಿಂತಿತು. ಒಂದು ಸಾಲಿನ ಸ್ಥಳ ತನಗೆ ಗೊತ್ತಿಲ್ಲ ಎಂದು ಕಂಪ್ಯೂಟರು ಹೇಳುತ್ತಿತ್ತು. ಫೋಟೋ ದೊಡ್ಡದು ಮಾಡಿ ನೋಡಿದೆ. ಏಳನೇ ತೆಪ್ಪ. ತೂಕದ ಜಾಗದಲ್ಲಿ ಏನೂ ಇರಲಿಲ್ಲ. ಚಾಚಾ ಮೊದಲ ಸಲ ಒಂದು ಕಾಲಂ ಖಾಲಿ ಬಿಟ್ಟಿದ್ದರು. ಅದರ ಮುಂದೆ, ಎಲ್ಲಿ ಹಿಡಿದದ್ದು ಎಂಬಲ್ಲಿ, ಅದೇ ದುಂಡು ಅಕ್ಷರದಲ್ಲಿ ಬರೆದಿತ್ತು: ‘ಮನಿ’. ಆಕೆ ‘ಬಂದರು’ ಅಂದಿದ್ದಳು.

ಆ ಸಾಲನ್ನು ಅಳಿಸಿದ್ದರೆ ಮಾದರಿ ಮುಂದೆ ಓಡುತ್ತಿತ್ತು. ನಾನು ಕೂತು ‘ಮನಿ’ ಎಂಬ ಐದನೆಯ ಪೆಟ್ಟಿಗೆಯೊಂದನ್ನು ಕಟ್ಟಿದೆ.